ಹಳದಿ ಕಣ್ಣಿನ ಕಂಡಕ್ಟರು

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಗಲ ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು, ನಿಂತವರ ನಡುವೆ ದಾರಿ ಮಾಡಿಕೊಂಡು, ಅವಳು ಟಿಕೆಟ್ ಹರಿಯುತ್ತ ಹಿಂದಕ್ಕೆ ಬರುತ್ತಿದ್ದಳು. ಕಿಟಕಿಯ ಪಕ್ಕ ಕೂತಿದ್ದ ಇಸ್ತ್ರಿ ಅಂಗಿಯ ಮನುಷ್ಯ ತಲೆಯೆತ್ತಿ ಅವಳ ಮುಖ ನೋಡಿದ. ನೋಡಿದ್ದೇ ತಡ, ಚಾಚಿದ್ದ ಕೈಯನ್ನು ಕೆಂಡ ಮುಟ್ಟಿದವನಂತೆ ಹಿಂದಕ್ಕೆಳೆದುಕೊಂಡ.

"ಟಿಕೆಟ್ ಅಲ್ಲೇ ಸೀಟಿನ ಮೇಲೆ ಇಡಮ್ಮ, ತಗೋತೀನಿ."

"ಯಾಕ್ ಸಾರ್, ಕೈ ನೋವಾ?"

"ಅಲ್ಲ, ನಿಮಗೆ ಕಾಮಾಲೆ ಇದ್ದಂಗಿದೆ. ಕಣ್ಣೆಲ್ಲಾ ಹಳದಿ. ರಜೆ ಹಾಕಿ ಮನೇಲಿರಬಾರದಾ? ಇಷ್ಟು ಜನ ಓಡಾಡೋ ಗಾಡಿ ಇದು."

ಅಕ್ಕಪಕ್ಕದವರು ತಿರುಗಿ ನೋಡಿದರು. ಅವಳು ಟಿಕೆಟ್ಟನ್ನು ಅವನ ಮೂಗಿನ ನೇರಕ್ಕೆ ಹಿಡಿದಳು.

"ಇದೆ ಸಾರ್. ಹುಟ್ಟಿದ ಮಾರನೇ ದಿನದಿಂದ ಇದೆ. ಅವತ್ತಿಂದ ರಜೆ ಹಾಕಿದ್ರೆ ಸಂಬಳ ನೀವು ಕೊಡ್ತೀರಾ? ಇದು ಅಂಟೋ ಕಾಯಿಲೆ ಅಲ್ಲ. ಅಂಟೋ ಹಾಗಿದ್ದಿದ್ರೆ ಇಷ್ಟೊತ್ತಿಗೆ ಈ ರೂಟಿನ ಜನ ಎಲ್ಲಾ ಬಾಳೆಹಣ್ಣಿನ ಬಣ್ಣಕ್ಕೆ ತಿರುಗಿರಬೇಕಿತ್ತು. ಕೈಯಲ್ಲಿ ತಗೋತೀರೋ, ಮುಂದಿನ ಸ್ಟಾಪಲ್ಲಿ ಇಳೀತೀರೋ?"

ಹಿಂದಿನ ಸೀಟಿನಿಂದ ದಿನನಿತ್ಯದ ಪ್ರಯಾಣಿಕ ಮುದುಕನೊಬ್ಬ ನಕ್ಕ. "ತಗೊಳಪ್ಪಾ, ಏನೂ ಆಗಲ್ಲ. ಎಷ್ಟೋ ವರ್ಷದಿಂದ ಅವಳ ಕೈಯಿಂದ ಚಿಲ್ಲರೆ ತಗೋತಿದ್ದೀನಿ. ನನಗೆ ಅಂಟಿದ್ದು ಅವಳ ಬಾಯಿ ಒಂದೇ."

ಬಸ್ಸು ನಕ್ಕಿತು. ಇಸ್ತ್ರಿ ಅಂಗಿಯವನು ಎರಡು ಬೆರಳಿನ ತುದಿಯಲ್ಲಿ ಟಿಕೆಟ್ ತೆಗೆದುಕೊಂಡ. ಅವಳು ಅಷ್ಟಕ್ಕೇ ಬಿಡಲಿಲ್ಲ. ಅವನ ಅಂಗೈ ಬಿಡಿಸಿ, ಬಾಕಿ ಚಿಲ್ಲರೆಯ ಒಂದೊಂದೇ ನಾಣ್ಯವನ್ನು ಒತ್ತಿ ಒತ್ತಿ ಇಟ್ಟು ಮುಂದಕ್ಕೆ ಹೋದಳು.

ಡಿಪೋದಲ್ಲಿ ಅವಳಿಗೆ 'ಹಳದಿ' ಎಂದೇ ಹೆಸರು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು. "ಬೆನ್ನಿಗೆ ಕಿವಿ ಇಲ್ಲ, ಎದುರಿಗೇ ಕರೀರಿ" ಎಂದು ಅವಳೇ ಹೇಳಿದ ಮೇಲೆ ಅದು ಸಲೀಸಾಗಿ ಎಲ್ಲರ ಬಾಯಲ್ಲಿ ಕೂತಿತು.

ಅವಳ ಜಗಳಗಂಟಿತನ ಬಸ್ಸಿನಲ್ಲಿ ಕಲಿತದ್ದಲ್ಲ. ಅದು ಅವಳಿಗೆ ತಾಯಿಯಿಂದ ಬಂದ ಆಸ್ತಿ. ತಾಯಿ ದರ್ಜಿ ಅಂಗಡಿಯೊಂದಕ್ಕೆ ಮನೆಯಲ್ಲೇ ಕೂತು ಕಾಜಾ ಹಾಕಿ ಗುಂಡಿ ಹೊಲಿದು ಕೊಡುವವಳು. ಚೊಚ್ಚಲ ಬಸಿರಿನಲ್ಲಿ ಹುಟ್ಟಿದ ಈ ಮಗು ಮಾರನೆಯ ದಿನವೇ ಹಳದಿಯಾಯಿತು. ಮೊದಲು ಮುಖ, ಆಮೇಲೆ ಎದೆ, ಸಂಜೆಯ ಹೊತ್ತಿಗೆ ಅಂಗಾಲಿನವರೆಗೆ. ಮನೆಯಲ್ಲಿ ಯಜಮಾನಿಕೆ ಅಜ್ಜಿಯದು, ಅಂದರೆ ಮಗುವಿನ ಅಪ್ಪನ ತಾಯಿಯದು.

"ಎಳೇ ಮಕ್ಕಳಿಗೆ ಹಳದಿ ಬರೋದು ಸಹಜ ಕಣೇ. ಬೆಳಗ್ಗೆ ಕಿಟಕಿ ಹತ್ರ ಬಿಸಿಲಿಗೆ ಹಿಡಿ, ಇಳಿಯುತ್ತೆ. ಇಷ್ಟಕ್ಕೆಲ್ಲ ಆಸ್ಪತ್ರೆ ಅಂದ್ರೆ ನಗ್ತಾರೆ."

"ನಗಲಿ ಅತ್ತೆ. ಇವಳು ಹಾಲು ಕುಡೀತಿಲ್ಲ, ಎಬ್ಬಿಸಿದರೂ ಏಳ್ತಿಲ್ಲ," ಎಂದು ತಾಯಿ ಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟೇಬಿಟ್ಟಳು. ಹಸಿ ಬಾಣಂತಿ, ಸರಿಯಾಗಿ ನಡೆಯಲೂ ಬಾರದ ಸ್ಥಿತಿ. ಗೋಡೌನಿನಲ್ಲಿ ಮೂಟೆ ಹೊರುತ್ತಿದ್ದ ಗಂಡ ಸುದ್ದಿ ಕೇಳಿ ಬೆವರಿನ ಬನಿಯನ್ನಿನಲ್ಲೇ ಓಡಿಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಅವಳನ್ನು ಕೂಡಿಕೊಂಡ.

ಮಕ್ಕಳ ಡಾಕ್ಟರು ನರೆಗೂದಲಿನ ಹೆಂಗಸು. ರಕ್ತ ಪರೀಕ್ಷೆಯ ಅಂಕಿ ನೋಡಿದ್ದೇ ಮಗುವನ್ನು ಬರಿ ಮೈಯಲ್ಲಿ ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಕಣ್ಣಿಗೆ ಮೆತ್ತನೆಯ ಪಟ್ಟಿ, ಸೊಂಟಕ್ಕೆ ಅಂಗೈ ಅಗಲದ ಲಂಗೋಟಿ. ಗಾಜಿನ ತೊಟ್ಟಿಲಿನೊಳಗೆ ಮಗು ಬೇರೆ ಯಾವುದೋ ಲೋಕದ್ದೆಂಬಂತೆ ಕಾಣುತ್ತಿತ್ತು. ಹಳದಿ ಇಳಿಯಿತು. ತಾಯಿಗೆ ಉಸಿರು ಬಂತು. ಬೆಳಕು ಆರಿಸಿದರು, ಹಳದಿ ಮತ್ತೆ ಏರಿತು. ಮತ್ತೆ ಬೆಳಕಿಗೆ ಇಟ್ಟರು, ಇಳಿಯಿತು. ತೆಗೆದರು, ಏರಿತು. ಜೊತೆಗೆ ಬಂದಿದ್ದ ಮಕ್ಕಳೆಲ್ಲ ಒಂದೊಂದಾಗಿ ಮನೆಗೆ ಹೋದವು. ಇವಳ ತೊಟ್ಟಿಲು ಮಾತ್ರ ಆ ಮೂಲೆಯಲ್ಲೇ ಉಳಿಯಿತು.

ಒಂದು ಬೆಳಗ್ಗೆ ಡಾಕ್ಟರು ತಾಯಿಯನ್ನು ಎದುರಿಗೆ ಕೂರಿಸಿಕೊಂಡು, "ನೀನೇನು ಕೆಲಸ ಮಾಡ್ತೀಯಮ್ಮ?" ಎಂದು ಕೇಳಿದರು.

"ಕಾಜಾ ಹಾಕ್ತೀನಿ ಮೇಡಂ."

"ಹಾಗಾದ್ರೆ ನಿನಗೆ ಸುಲಭವಾಗಿ ಅರ್ಥ ಆಗುತ್ತೆ. ಹಳೇ ರಕ್ತ ಒಡೆದಾಗ ಒಂದು ಹಳದಿ ಪದಾರ್ಥ ಬರುತ್ತೆ. ಅದನ್ನ ತಿದ್ದಿ ಹೊರಗೆ ಕಳಿಸೋದು ಲಿವರಿನ ಕೆಲಸ. ನಿಮ್ಮ ಅಂಗಡಿಗೆ ದಿನಾ ರಾಶಿ ಅಂಗಿ ಬಂದು ಬೀಳ್ತಾ ಇವೆ, ಕಾಜಾ ಹಾಕೋಳು ಒಬ್ಬಳೇ ಅಂದ್ಕೋ. ಏನಾಗುತ್ತೆ?"

"ಅಂಗಡಿ ತುಂಬಿಹೋಗುತ್ತೆ."

"ಅದೇ ಇವಳಿಗೆ ಆಗಿರೋದು. ಈ ಬೆಳಕು ಏನ್ ಮಾಡುತ್ತೆ ಅಂದ್ರೆ, ಒಂದಷ್ಟು ಅಂಗೀನ ಕಾಜಾ ಇಲ್ಲದೇನೇ ಹಿಂದಿನ ಬಾಗಿಲಿಂದ ಆಚೆ ಸಾಗಿಸುತ್ತೆ. ಮಲದಲ್ಲಿ, ಮೂತ್ರದಲ್ಲಿ. ಬೆಳಕು ನಿಂತ್ರೆ ಮತ್ತೆ ರಾಶಿ. ಬೇರೆ ಮಕ್ಕಳಿಗಾದ್ರೆ ನಾಲ್ಕು ದಿನದಲ್ಲಿ ಕೆಲಸಗಾರರು ಬಂದು ಸೇರ್ಕೋತಾರೆ. ಇವಳಿಗೆ ಹುಟ್ಟಿನಿಂದಲೇ ಕಡಿಮೆ. ಅದಕ್ಕೆ ಬೆಳಕಿನ ಜೊತೆ ಒಂದು ಔಷಧಿ ಶುರು ಮಾಡೋಣ ಅಂತಿದ್ದೀನಿ. ಇರೋ ಅಲ್ಪಸ್ವಲ್ಪ ಜನಕ್ಕೇ ಚುರುಕು ಮುಟ್ಟಿಸೋ ಔಷಧಿ. ಕೇಳಿತು ಅಂದ್ರೆ ಬದುಕು ಸಲೀಸು. ಕೇಳಲಿಲ್ಲ ಅಂದ್ರೆ ಇದಕ್ಕಿಂತ ದೊಡ್ಡ ಕಾಯಿಲೆ ಅಂತ ಅರ್ಥ."

ಔಷಧಿಯ ಹೆಸರು ಮನೆಗೆ ಮುಟ್ಟಿದಾಗ ರಂಪವಾಯಿತು. ಅದು ಮೂರ್ಛೆರೋಗದವರಿಗೆ ಕೊಡುವ ಔಷಧಿಯೆಂದು ಔಷಧಿ ಅಂಗಡಿಯವನು ಅಜ್ಜಿಗೆ ಹೇಳಿಬಿಟ್ಟಿದ್ದ.

"ಫಿಟ್ಸ್ ಇಲ್ಲದ ಕೂಸಿಗೆ ಫಿಟ್ಸ್ ಔಷಧಿನಾ? ನಾಳೆ ಇವಳನ್ನ ಯಾರು ಮದುವೆ ಆಗ್ತಾರೆ?"

"ಮೊದಲು ಬದುಕಲಿ ಅತ್ತೆ. ಮದುವೆ ವಿಚಾರ ಆಮೇಲೆ ಜಗಳ ಆಡೋಣ."

ಔಷಧಿ ಬಿದ್ದ ಮೇಲೆ ಮಗು ನಿದ್ದೆಗಣ್ಣಾಯಿತು. ಮೊಲೆ ಬಾಯಿಗಿಟ್ಟರೆ ಎರಡು ಗುಟುಕಿಗೆ ಜೋಂಪು. ತಾಯಿ ಅಂಗಾಲಿಗೆ ಕಚಗುಳಿಯಿಟ್ಟು, ಒದ್ದೆ ಬಟ್ಟೆಯಿಂದ ಕೆನ್ನೆ ಒರೆಸಿ, ಕಿವಿಯ ಬಳಿ ಬೈದು, ಹಾಲು ಕುಡಿಸಿದಳು. ಔಷಧಿ ಕೆಲಸ ಮಾಡಲು ಹೊತ್ತು ತೆಗೆದುಕೊಂಡಿತು. ಅಲ್ಲಿಯವರೆಗೆ ನೀಲಿ ಬೆಳಕೇ ಕಾವಲು ಕಾಯಿತು. ಕಡೆಗೊಂದು ದಿನ ಬೆಳಕು ಆರಿಸಿದರು, ಕಾದರು. ಹಳದಿ ಏರಲಿಲ್ಲ. ಮರುದಿನವೂ ಏರಲಿಲ್ಲ.

"ಪೂರ್ತಿ ಹೋಗಲ್ಲ ಇದು," ಎಂದರು ಡಾಕ್ಟರು. "ಕಣ್ಣು ಹಳದಿಯಾಗೇ ಇರುತ್ತೆ. ಮೆದುಳಿಗೆ ಏಟು ಬೀಳದಷ್ಟು ಕೆಳಗೆ ಇಟ್ಕೊಂಡ್ರೆ ಸಾಕು. ಔಷಧಿ ಬಿಡಬಾರದು. ಉಪವಾಸ ಬೀಳಬಾರದು. ಜ್ವರ ಬಂದ್ರೆ ತಕ್ಷಣ ಬರಬೇಕು."

ಹಾಗೆ ಅವಳು ಹಳದಿ ಕಣ್ಣಿನೊಂದಿಗೆ ಬೆಳೆದಳು. ಹಿಂದೆಯೇ ಹುಟ್ಟಿದ ತಂಗಿಗೆ ಏನೂ ಇರಲಿಲ್ಲ. ಅಕ್ಕತಂಗಿಯರಿಗೆ ಒಂದೇ ಹಾಸಿಗೆ, ಒಂದೇ ಬಾಚಣಿಗೆ.

ಶಾಲೆಯಲ್ಲಿ ಮಾತ್ರ ಅವಳಿಗೆ ಬೇರೆಯೇ ಬೆಂಚು. ಕುಡಿಯುವ ನೀರಿನ ಡ್ರಮ್ಮಿನ ಪಕ್ಕ ಸ್ಟೀಲ್ ಲೋಟಗಳ ಸಾಲಿರುತ್ತಿತ್ತು. ಒಂದು ದಿನ ಅವಳು ನೀರು ಕುಡಿದಿಟ್ಟ ಲೋಟವನ್ನು ಶಾಲೆಯ ಆಯಾ ಇಕ್ಕಳದಲ್ಲಿ ಹಿಡಿದು ಕಸದ ಬುಟ್ಟಿಗೆ ಹಾಕಿದಳು. ಹುಡುಗಿ ಒಂದು ಕ್ಷಣ ನಿಂತು ನೋಡಿದಳು. ಆಮೇಲೆ ಸಾಲಿನ ಮೊದಲಿಗೆ ಹೋಗಿ ಒಂದೊಂದೇ ಲೋಟ ಎತ್ತಿ, ತುಟಿಗೆ ಮುಟ್ಟಿಸಿ, ಮತ್ತೆ ಅಲ್ಲಲ್ಲೇ ಇಡುತ್ತ ಕೊನೆಯವರೆಗೂ ಬಂದಳು.

"ಈಗ ಎಲ್ಲಾನೂ ಎಸೀರಿ," ಎಂದಳು.

ಶಾಲೆಯವರು ತಾಯಿಯನ್ನು ಕರೆಸಿದರು. ತಾಯಿ ಎಲ್ಲ ಕೇಳಿಸಿಕೊಂಡು, ಎದ್ದು ಹೋಗಿ, ಮಗಳು ಎಂಜಲು ಮಾಡಿದ ಲೋಟಗಳಲ್ಲೇ ಒಂದರಲ್ಲಿ ನೀರು ತುಂಬಿಸಿಕೊಂಡು ಗಟಗಟ ಕುಡಿದಳು. "ಹುಟ್ಟಿದಾಗಿಂದ ಇವಳ ಎಂಜಲು ತಿಂತಿದ್ದೀನಿ ಮೇಷ್ಟ್ರೇ. ನನ್ನ ಕಣ್ಣು ನೋಡಿ." ಮೇಷ್ಟ್ರು ನೋಡಿದರು. ಬೆಂಚು ಬದಲಾಯಿತು. ಎಲ್ಲ ಮಕ್ಕಳ ಮನಸ್ಸು ಬದಲಾಗಲಿಲ್ಲ, ಆದರೆ ಬೆಂಚು ಬದಲಾಯಿತು.

ಎದುರು ನಿಲ್ಲುವುದು ಅಭ್ಯಾಸವಾದರೆ ಯಾರಿಗೆ ಎದುರು ನಿಲ್ಲುತ್ತಿದ್ದೇವೆ ಎಂಬ ಎಚ್ಚರ ತಪ್ಪುತ್ತದೆ. ಹೈಸ್ಕೂಲಿಗೆ ಬಂದಾಗ ಅವಳಿಗೂ ತಪ್ಪಿತು. ಮಧ್ಯಾಹ್ನದ ತರಗತಿಯಲ್ಲಿ ಮಾತ್ರೆಯ ಮಂಪರಿಗೆ ತೂಕಡಿಸುತ್ತಿದ್ದಳು. ಗೆಳತಿಯೊಬ್ಬಳು ಚೀಲದಲ್ಲಿ ಮಾತ್ರೆಯ ಹಾಳೆ ನೋಡಿ, "ಇವಳಿಗೆ ಮೂರ್ಛೆ ಬರುತ್ತಂತೆ!" ಎಂದು ಊರಿಗೆಲ್ಲ ಸಾರಿದಳು. ಹಳದಿಯೆಂದರೆ ತಡೆದುಕೊಂಡಿದ್ದವಳಿಗೆ ಇದು ತಡೆಯಲಾಗಲಿಲ್ಲ. ಚೀಲದ ಮಾತ್ರೆಗಳನ್ನು ಬಚ್ಚಲಿಗೆ ಸುರಿದಳು. ಬೆಳಗ್ಗೆ ಅಮ್ಮನ ಎದುರು ಮಾತ್ರೆ ನುಂಗಿದಂತೆ ಮಾಡಿ, ಬೀದಿಗೆ ಬಂದು ಉಗುಳುತ್ತಿದ್ದಳು. ಮೊದಮೊದಲು ಏನೂ ಆಗಲಿಲ್ಲ. ತೂಕಡಿಕೆ ಹೋಯಿತು, ಪಾಠ ತಲೆಗೆ ಹತ್ತಿತು. ನೋಡಿದಿರಾ, ಔಷಧಿಯೇ ಸುಳ್ಳು, ಎಂದು ಒಳಗೊಳಗೇ ಮೆರೆದಳು.

ಆಮೇಲೆ ಒಂದು ಜ್ವರ ಬಂತು. ಬಾಯಿ ರುಚಿ ಕೆಟ್ಟು ಊಟ ಬಿಟ್ಟಳು. ಮೂರನೆಯ ಬೆಳಗ್ಗೆ ಕನ್ನಡಿಯಲ್ಲಿ ಕಂಡ ಮುಖ ಅವಳದಾಗಿರಲಿಲ್ಲ. ಮಾತು ತೊದಲುತ್ತಿತ್ತು, ನೆಲ ವಾಲುತ್ತಿತ್ತು. ಅಪ್ಪ ಮೂಟೆ ಎತ್ತಿದಂತೆ ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದ. ದೊಡ್ಡ ಹುಡುಗಿಗೆ ತೊಟ್ಟಿಲಿಲ್ಲವೆಂದು ಮಂಚದ ಮೇಲೆಯೇ ದೀಪಗಳನ್ನು ಇಳಿಬಿಟ್ಟರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕತ್ತಲೆಯಲ್ಲಿ ಮಲಗಿದ್ದವಳ ಪಕ್ಕ ಅಮ್ಮ ಕೂತಿದ್ದಳು. ಬೈಯುತ್ತಾಳೆಂದು ಅವಳು ಕಾದಳು. ಅಮ್ಮ ಬೈಯಲಿಲ್ಲ.

"ಜಗಳ ಆಡು," ಎಂದಳು ಅಮ್ಮ. "ನಾನು ಬೇಡ ಅನ್ನಲ್ಲ. ಆದ್ರೆ ಯಾರ ಜೊತೆ ಅಂತ ನೋಡ್ಕೊಂಡು ಆಡು. ಆಡಿಕೊಂಡೋಳು ನಿನ್ನ ಗೆಳತಿ. ನೀನು ಹೊಡೆದದ್ದು ನಿನ್ನ ಮೈನ."

ಪಟ್ಟಿಯ ಕೆಳಗೆ ಹುಡುಗಿ ಅತ್ತಳು. ವಾಪಸು ಶಾಲೆಗೆ ಹೋದ ದಿನ ಊಟದ ಹೊತ್ತಿಗೆ ಎಲ್ಲರೂ ನೋಡುವ ಹಾಗೆ ಮಾತ್ರೆ ಹೊರತೆಗೆದು, ಗೆಳತಿಯ ಎದುರಿಗೆ ಹಿಡಿದು, "ಸರಿಯಾಗಿ ನೋಡ್ಕೋ, ಹೆಸರು ಓದಿ ಹೇಳ್ಲಾ?" ಎಂದು ಕೇಳಿ ನುಂಗಿದಳು. ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ.

ಅವಳಿಗೆ ಬಸ್ಸು ಓಡಿಸುವ ಆಸೆ. ಓದು ಮುಗಿಸಿ ಬಸ್ ಕೆಲಸಕ್ಕೆ ಅರ್ಜಿ ಹಾಕಿದಾಗ ದೇಹ ಪರೀಕ್ಷೆಗೆ ಕರೆದರು. ಪರೀಕ್ಷೆಯ ಡಾಕ್ಟರು ಬಾಗಿಲಲ್ಲಿ ನಿಂತ ಅವಳ ಕಣ್ಣು ನೋಡಿ, ಒಳಗೂ ಕರೆಯದೆ, "ಕಾಮಾಲೆ ವಾಸಿಯಾದ ಮೇಲೆ ಬಾಮ್ಮ" ಎಂದರು.

"ಇದು ವಾಸಿಯಾಗಲ್ಲ ಸಾರ್. ಅಂಟೋದೂ ಇಲ್ಲ."

"ಜನರ ಜೊತೆ ಕೆಲಸ ಮಾಡಬೇಕು. ಆಗಲ್ಲ. ಮುಂದಿನವರು ಬನ್ನಿ."

ಮರುದಿನ ಅವಳು ತಂಗಿಯನ್ನು ಕೈಹಿಡಿದು ಎಳೆದುಕೊಂಡು ಬಂದಳು. ಸಾಲಿನಲ್ಲಿ ನಿಂತವರನ್ನು ದಾಟಿ ಒಳನುಗ್ಗಿ, ತಂಗಿಯನ್ನು ಡಾಕ್ಟರ ಮೇಜಿನ ಎದುರು ನಿಲ್ಲಿಸಿದಳು. "ಇವಳು ನನ್ನ ತಂಗಿ. ಹುಟ್ಟಿದಾಗಿಂದ ನನ್ನ ಪಕ್ಕ ಮಲಗ್ತಾಳೆ. ನನ್ನ ತಟ್ಟೇಲಿ ಉಣ್ತಾಳೆ, ನನ್ನ ಬಟ್ಟೆ ಕದೀತಾಳೆ. ಇವಳ ಕಣ್ಣು ನೋಡಿ. ಅಂಟೋದಾಗಿದ್ರೆ ಮೊದಲು ಇವಳಿಗೆ ಅಂಟಬೇಕಿತ್ತು."

ತಂಗಿ ನಾಚಿ ಸೆರಗಿನ ತುದಿ ಕಚ್ಚಿಕೊಂಡು, "ಬಟ್ಟೆ ಕದಿಯಲ್ಲ ಸಾರ್, ಕೇಳ್ಕೊಂಡೇ ತಗೋತೀನಿ," ಎಂದಳು.

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಒಳ್ಳೆಯ ಮನುಷ್ಯ. ಕೂರಿಸಿದರು, ಕೇಳಿದರು, ಅವಳಿಗೆ ಔಷಧಿ ಕೊಡುತ್ತಿದ್ದ ನರೆಗೂದಲಿನ ಡಾಕ್ಟರಿಗೆ ಫೋನು ಹಚ್ಚಿ ಬಹಳ ಹೊತ್ತು ಮಾತಾಡಿದರು. ಕೊನೆಗೆ, "ಅಂಟಲ್ಲ, ಒಪ್ಪಿದೆ. ನಿನ್ನೆ ನಾನು ಅವಸರ ಮಾಡಿದೆ. ಆದ್ರೆ ಡ್ರೈವರ್ ಕೆಲಸ ಆಗಲ್ಲಮ್ಮ. ಈ ಮಾತ್ರೆ ತೂಕಡಿಕೆ ತರುತ್ತೆ. ಬಸ್ಸಿನ ತುಂಬ ಜನ ಇರ್ತಾರೆ. ಕಂಡಕ್ಟರ್ ಕೆಲಸಕ್ಕೆ ಬರೀತೀನಿ," ಎಂದರು.

ವಾದಿಸಲು ಬಾಯಿ ತೆರೆದಳು. ತರಗತಿಯ ಡೆಸ್ಕಿನ ಮೇಲೆ ತಾನೇ ತಲೆಯಿಟ್ಟು ಮಲಗುತ್ತಿದ್ದ ಮಧ್ಯಾಹ್ನಗಳು ನೆನಪಾಗಿ ಬಾಯಿ ಮುಚ್ಚಿದಳು. ಮನೆಗೆ ಬಂದು ಸ್ಟೇರಿಂಗಿನ ಆಸೆಗೆ ಒಂದು ಸಂಜೆ ಅತ್ತು, ಮರುವಾರ ಚೀಲ ಹೆಗಲಿಗೇರಿಸಿದಳು.

ಮದುವೆಯ ಕಥೆ ಸಣ್ಣದು. ಡಿಪೋದ ಮೆಕ್ಯಾನಿಕ್ಕು, ಉಗುರಿನ ಸಂದಿಯಲ್ಲಿ ಸದಾ ಗ್ರೀಸು ಇರುವ ಮನುಷ್ಯ, ಅವಳ ಬಸ್ಸು ಬಂದಾಗಲೆಲ್ಲ ಕೆಟ್ಟಿರದ ಭಾಗವನ್ನೂ ರಿಪೇರಿ ಮಾಡುತ್ತಿದ್ದ. ಒಂದು ದಿನ ಅವಳೇ ಕೇಳಿದಳು, "ಏನ್ರೀ, ಏನಾದ್ರೂ ಹೇಳೋದಿದೆಯಾ? ಬಸ್ಸಿಗೆ ಏನೂ ಆಗಿಲ್ಲ."

ಅವನು ಬಾನೆಟ್ಟಿನೊಳಗೆ ತಲೆಯಿಟ್ಟುಕೊಂಡೇ ಹೇಳಿದ, "ಮಂಜಿನಲ್ಲಿ ಬಿಳೀ ಲೈಟು ಹಾಕಿದ್ರೆ ದಾರಿ ಕಾಣಲ್ಲ. ಹಳದಿ ಲೈಟೇ ಬೇಕು."

"ಅಂದ್ರೆ?"

"ಅಂದ್ರೆ ಅಷ್ಟೇ. ನನ್ನ ಜೀವನದಲ್ಲಿ ಸ್ವಲ್ಪ ಮಂಜಿದೆ."

ಅವಳು ಆ ಟ್ರಿಪ್ಪಿನುದ್ದಕ್ಕೂ ನಗುತ್ತಲೇ ಟಿಕೆಟ್ ಕೊಟ್ಟಳು. ಅವನ ತಾಯಿಗೆ ನಗು ಬರಲಿಲ್ಲ. ನಾಲ್ಕು ಮಕ್ಕಳನ್ನು ಹೆತ್ತು ಸಾಕಿದ ಗಟ್ಟಿ ಹೆಂಗಸು. ಮಗನ ಹಟಕ್ಕೆ ಸೋತು ಒಪ್ಪಿದಳು. "ಮಗು ಆದಾಗ ಗೊತ್ತಾಗುತ್ತೆ" ಎಂಬ ಮಾತನ್ನು ಮಾತ್ರ ಉಪ್ಪಿನ ಡಬ್ಬಿಯಂತೆ ಕೈಗೆ ಸಿಗುವಲ್ಲಿ ಇಟ್ಟುಕೊಂಡಿದ್ದಳು.

ಬಸಿರಾದಾಗ ನರೆಗೂದಲಿನ ಡಾಕ್ಟರು ನಿವೃತ್ತರಾಗಿದ್ದರು. ಹೊಸ ಡಾಕ್ಟರುಗಳು ಕೂಡಿ ಕೂತು ಅಳೆದು ಸುರಿದು ಹೇಳಿದರು: ಮಾತ್ರೆ ನಿಲ್ಲಿಸಿದರೆ ಅವಳ ರಕ್ತದ ಹಳದಿ ಏರಿ ಹೊಟ್ಟೆಯ ಮಗುವಿಗೂ ದಾಟುತ್ತದೆ. ಮುಂದುವರಿಸಿದರೆ ಮಾತ್ರೆಯಿಂದಲೂ ಮಗುವಿಗೆ ಒಂದಿಷ್ಟು ಅಪಾಯ. ಕಡಿಮೆ ಪ್ರಮಾಣದಲ್ಲಿ, ಮೇಲಿಂದ ಮೇಲೆ ರಕ್ತ ನೋಡುತ್ತ ಮುಂದುವರಿಸುವುದೆಂದು ಆಯಿತು. ಎರಡೂ ಕಡೆ ಭಯ. ಅವಳು ಭಯವನ್ನು ಚೀಲದ ಚಿಲ್ಲರೆಯ ಜೊತೆಗೇ ಹೊತ್ತುಕೊಂಡು, ಕೂತು ಮಾಡುವ ಕೌಂಟರಿನ ಕೆಲಸ ಕೇಳಿ ಪಡೆದು, ಕೊನೆಯ ತಿಂಗಳವರೆಗೂ ಡ್ಯೂಟಿ ಮಾಡಿದಳು.

ಹೆಣ್ಣು ಮಗು ಹುಟ್ಟಿತು. ಮಾರನೆಯ ದಿನ ಹಳದಿಯಾಯಿತು.

"ನಾನು ಹೇಳಿರಲಿಲ್ವಾ?" ಎಂದಳು ಅತ್ತೆ. ಗೆದ್ದ ದನಿಯಲ್ಲ, ಹೆದರಿದ ದನಿ. "ನನ್ನ ನಾಲ್ಕೂ ಮಕ್ಕಳು ಹಳದಿಯಾಗಿದ್ವು. ಬಿಸಿಲಿಗೆ ಹಿಡಿದೆ, ಹೋಯ್ತು. ಬಾ, ಮನೆಗೆ ಕರ್ಕೊಂಡು ಹೋಗೋಣ. ನಿನ್ನ ಹಾಲು ನಿಲ್ಲಿಸು. ಅದರಲ್ಲೂ ಹಳದಿ ಇರುತ್ತೆ, ಮಾತ್ರೇನೂ ಇರುತ್ತೆ. ಬಾಟಲಿ ಹಾಲು ಹಾಕೋಣ."

"ಇಲ್ಲ ಅತ್ತೆ. ಮಗು ಇಲ್ಲೇ ಇರುತ್ತೆ. ನನ್ನ ಹಾಲೇ ಕುಡಿಯುತ್ತೆ."

"ಹಟಕ್ಕೂ ಒಂದು ಹೊತ್ತು ಗೊತ್ತು ಬೇಡ್ವೇನೇ?"

"ಇದೇ ಹೊತ್ತು."

ಮೆಕ್ಯಾನಿಕ್ಕು ಇಬ್ಬರ ನಡುವೆ ಎರಡು ಸ್ಪ್ಯಾನರಿನ ಮಧ್ಯೆ ಸಿಕ್ಕ ನಟ್ಟಿನಂತೆ ನಿಂತಿದ್ದ. ಕೊನೆಗೆ ತಾಯಿಯ ತೋಳು ಹಿಡಿದು, "ಬಾಮ್ಮ, ಆಚೆ ಹೋಗೋಣ. ಇದು ಅವಳಿಗೆ ಗೊತ್ತಿರೋ ರಸ್ತೆ," ಎಂದು ಹೊರಗೆ ಕರೆದುಕೊಂಡು ಹೋದ.

ಮಗುವನ್ನು ನೀಲಿ ಬೆಳಕಿನಲ್ಲಿ ಮಲಗಿಸಿದರು. ಅವಳು ಮಕ್ಕಳ ಡಾಕ್ಟರ ಎದುರು ಹೋಗಿ ನಿಂತಳು. ದಪ್ಪ ಕನ್ನಡಕದ, ಅವಳಿಗಿಂತ ಕಿರಿಯ ಡಾಕ್ಟರು.

"ಬೆಳಕಿನ ಜೊತೆ ನನ್ನ ಔಷಧಿನೂ ಶುರು ಮಾಡಿ ಡಾಕ್ಟ್ರೇ. ಹನಿ ರೂಪದಲ್ಲಿ ಸಿಗುತ್ತೆ. ನನಗೂ ಹಾಗೇ ಕೊಟ್ಟಿದ್ರು."

"ಈಗ ಬೇಡ."

"ಯಾಕೆ ಬೇಡ? ಬೆಳಕೊಂದೇ ಸಾಲದು. ನಾನು ಸಾಕ್ಷಿ ನಿಂತಿದ್ದೀನಲ್ಲ! ನನ್ನನ್ನ ಬದುಕಿಸಿದ್ದು ಆ ಔಷಧಿ."

"ನಿಮ್ಮನ್ನ ಬದುಕಿಸಿತು ಅಮ್ಮಾ. ಇವಳು ನೀವಲ್ಲ." ಡಾಕ್ಟರು ದನಿಯೇರಿಸಲಿಲ್ಲ. "ನಿಮ್ಮ ಕಾಯಿಲೆ ಬರಬೇಕಾದ್ರೆ ತಾಯಿ ಕಡೆಯಿಂದಲೂ ತಂದೆ ಕಡೆಯಿಂದಲೂ ದೋಷ ಬರಬೇಕು. ಇವಳಿಗೆ ನಿಮ್ಮದು ಬಂದಿರುತ್ತೆ. ತಂದೇದು ಬಂದಿರೋ ಸಾಧ್ಯತೆ ತುಂಬಾ ಕಡಿಮೆ. ಈಗಿರೋ ಹಳದೀಲಿ ಅರ್ಧ ಹೊಟ್ಟೆಯಲ್ಲಿದ್ದಾಗ ನಿಮ್ಮಿಂದ ದಾಟಿದ್ದು. ಅದನ್ನ ಬೆಳಕೇ ತೆಗೆಯುತ್ತೆ. ಇನ್ನೊಂದು ವಿಷಯ. ನೀವು ಬಸಿರಲ್ಲಿ ತಗೊಂಡ ಮಾತ್ರೆ ಇವಳಿಗೂ ಅಷ್ಟಿಷ್ಟು ಮುಟ್ಟಿದೆ. ಇವಳ ಲಿವರ್ ಆಗಲೇ ಚುರುಕಾಗಿರುತ್ತೆ. ಮೇಲಿಂದ ಮತ್ತೆ ಕೊಟ್ರೆ ನಿದ್ದೆ ಹೋಗ್ತಾಳೆ, ಹಾಲು ಬಿಡ್ತಾಳೆ. ಹಾಲು ಬಿಟ್ರೆ ಹಳದಿ ಏರುತ್ತೆ."

"ಬೆಳಕು ಆರಿಸಿದ ಮೇಲೆ ಮತ್ತೆ ಏರಿದ್ರೆ?"

"ಆಗ ನೀವು ಕೇಳೋ ಮುಂಚೆ ನಾನೇ ಶುರು ಮಾಡ್ತೀನಿ."

"ಅಲ್ಲೀವರೆಗೂ ನಾನು ಇಲ್ಲಿಂದ ಏಳಲ್ಲ."

"ಏಳಲೇಬೇಡಿ. ನಿಮಗಿಂತ ದೊಡ್ಡ ಔಷಧಿ ಇಲ್ಲಿ ಯಾವುದೂ ಇಲ್ಲ. ಹಾಲು ಕೊಡ್ತಾ ಇರಿ."

ಅವಳು ತೊಟ್ಟಿಲ ಪಕ್ಕದ ಸ್ಟೂಲಿನಲ್ಲಿ ಕೂತಳು. ಸಿಟ್ಟು ಇಳಿದಿರಲಿಲ್ಲ. ಕೂತಲ್ಲೇ ಒಂದು ಯೋಚನೆ ಅವಳನ್ನು ಚುಚ್ಚಿತು. ಅತ್ತೆ ತನ್ನ ನಾಲ್ಕು ಮಕ್ಕಳ ಅಳತೆಯಲ್ಲಿ ಈ ಕೂಸನ್ನು ಅಳೆದಳು. ನಾನು ನನ್ನ ಅಳತೆಯಲ್ಲಿ ಅಳೆದೆ. ಈ ಕೂಸಿನ ಅಳತೆ ಇನ್ನೂ ಯಾರಿಗೂ ಗೊತ್ತಿಲ್ಲ.

ಹಾಲು ಕೊಟ್ಟಳು. ಕುಡಿಯುತ್ತ ಮಗು ಕಣ್ಣು ಮುಚ್ಚಿದರೆ ಅಂಗಾಲಿಗೆ ಕಚಗುಳಿಯಿಟ್ಟು ಎಬ್ಬಿಸುತ್ತಿದ್ದಳು. ನರ್ಸು ಹಸಿರು ಬಣ್ಣಕ್ಕೆ ತಿರುಗಿದ ಲಂಗೋಟಿ ಬದಲಿಸುತ್ತ, "ನೋಡಿ, ಹಳದಿ ಹೋಗ್ತಿರೋದು ಹೀಗೆ," ಎಂದು ತೋರಿಸುತ್ತಿದ್ದಳು. ಹೊಲಸು ಬಟ್ಟೆ ನೋಡಿ ಸಂತೋಷಪಟ್ಟ ತಾಯಿ ತಾನೊಬ್ಬಳೇ ಇರಬೇಕೆಂದು ಅವಳಿಗೆ ನಗು ಬಂತು. ಬಾಗಿಲ ಗಾಜಿನಾಚೆ ಅತ್ತೆ ಬಾಟಲಿ ಹಿಡಿದು ನಿಂತಿದ್ದಳು. ಸೊಸೆ ತಲೆಯಲ್ಲಾಡಿಸಿದಳು. ಅತ್ತೆ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು, ಹೋಗದೆ, ಅಲ್ಲೇ ಬೆಂಚಿನ ಮೇಲೆ ಕೂತಳು.

ಅಂಕಿ ಇಳಿಯಿತು. ಕನ್ನಡಕದ ಡಾಕ್ಟರು ಬೆಳಕು ಆರಿಸಿದರು. ನೀಲಿ ಹೋಗಿ ಕೋಣೆ ಮಾಮೂಲಿ ಕೋಣೆಯಾಯಿತು. ಮರುದಿನ ಮಗುವಿನ ಹಿಮ್ಮಡಿ ಚುಚ್ಚಿ ರಕ್ತ ತೆಗೆದುಕೊಂಡು ಹೋದರು. ಅವಳು ಎದ್ದು ನಿಂತಳು, ಕೂತಳು, ಮತ್ತೆ ಎದ್ದಳು. ಮೆಕ್ಯಾನಿಕ್ಕು ಅವಳ ಕೈ ಹಿಡಿಯಲು ಬಂದರೆ, "ಬಿಡ್ರೀ, ಗ್ರೀಸು," ಎಂದು ಸಿಡುಕಿ, ತಾನೇ ಅವನ ಕೈ ಹಿಡಿದುಕೊಂಡಳು.

ಡಾಕ್ಟರು ಬಾಗಿಲಲ್ಲೇ ಹೇಳಿದರು, "ಏರಿಲ್ಲ. ಇನ್ನೂ ಸ್ವಲ್ಪ ಇಳಿದಿದೆ."

"ಇನ್ನೊಂದು ಸಲ ನೋಡಿ," ಎಂದಳು.

"ನಾಳೆ ನೋಡೇ ನೋಡ್ತೀನಿ. ನೋಡದೆ ನಿಮ್ಮನ್ನ ಕಳಿಸಿದ್ರೆ ನನ್ನನ್ನ ಬಿಡ್ತೀರಾ?"

ನಾಳೆಯೂ ಏರಲಿಲ್ಲ. ಮಗುವಿನ ಕಣ್ಣಿನ ಬಿಳಿ ದಿನೇ ದಿನೇ ಬಿಳಿಯಾಗುತ್ತ ಹೋಯಿತು. ಅವಳಿಗೆ ಸಂತೋಷ ಉಕ್ಕಿತು. ಅದರ ತಳದಲ್ಲಿ ವಿಚಿತ್ರವಾದ ಒಂಟಿತನವೂ ಇತ್ತು. ಮನೆಯಲ್ಲಿ ಹಳದಿ ಕಣ್ಣು ಇನ್ನೂ ಅವಳದೊಂದೇ. ಮನೆಗೆ ಹೊರಡುವಾಗ ಅತ್ತೆ ಮಗುವನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ಕಣ್ಣು ನೋಡಿ, "ಆಯ್ತು ಬಿಡು, ನನ್ನ ಬಿಸಿಲಿಗಿಂತ ಇವರ ಬಿಸಿಲೇ ಚುರುಕು," ಎಂದಳು. ಅಷ್ಟೇ. ಅತ್ತೆಯ ಬಾಯಿಂದ ಅದಕ್ಕಿಂತ ಹೆಚ್ಚನ್ನು ಯಾವ ಔಷಧಿಯೂ ಹೊರಡಿಸುತ್ತಿರಲಿಲ್ಲ.

ರಜೆ ಮುಗಿದು ಡ್ಯೂಟಿಗೆ ಹೋದಾಗ ಹೊಸ ಜಗಳ ಕಾದಿತ್ತು. ಎರಡು ಟ್ರಿಪ್ಪುಗಳ ನಡುವೆ ಅತ್ತೆ ಮಗುವನ್ನು ಡಿಪೋಗೆ ತರುತ್ತಿದ್ದಳು, ಹಾಲು ಕೊಡಲು ಜಾಗವಿಲ್ಲ. ಗಂಡಸರ ವಿಶ್ರಾಂತಿ ಕೋಣೆಯಿತ್ತು, ಟೈರಿಗೆ ಕೋಣೆಯಿತ್ತು, ಮುರಿದ ಸೀಟುಗಳಿಗೂ ಒಂದು ಕೋಣೆಯಿತ್ತು. ಮ್ಯಾನೇಜರನ್ನು ಕೇಳಿದಳು.

"ಶೌಚಾಲಯ ಇದೆಯಲ್ಲಮ್ಮ, ಬಾಗಿಲು ಹಾಕ್ಕೊಂಡು ಕೊಡಿ."

"ನೀವು ಬುತ್ತಿ ಅಲ್ಲೇ ಬಿಚ್ತೀರಾ ಸಾರ್?"

ಮ್ಯಾನೇಜರ ಮುಖ ಕೆಂಪಾಯಿತು. "ಅದಕ್ಕೆಲ್ಲ ಮೇಲಿಂದ ಒಪ್ಪಿಗೆ ಬರಬೇಕು. ನೋಡೋಣ."

"ನೋಡಿ. ಒಪ್ಪಿಗೆ ಬರೋ ತನಕ ಮಗುವಿನ ಹಸಿವು ಕಾಯಲ್ಲ," ಎಂದು ಅವಳು ಮಗುವನ್ನು ಅತ್ತೆಯ ಕೈಯಿಂದ ತೆಗೆದುಕೊಂಡು, ಮ್ಯಾನೇಜರ ಕೋಣೆಗೆ ಹೋಗಿ, ಅವರ ತಿರುಗುವ ಕುರ್ಚಿಯಲ್ಲಿ ಕೂತು ಬಾಗಿಲು ಹಾಕಿಕೊಂಡಳು. ಹೊರಗೆ ಅತ್ತೆ ಬಾಗಿಲಿಗೆ ಬೆನ್ನು ಕೊಟ್ಟು ಕಾಲೂರಿ ನಿಂತಳು. ಮ್ಯಾನೇಜರು ಹತ್ತಿರ ಬಂದಾಗ, "ಏನಪ್ಪಾ, ನಿನ್ನ ತಾಯಿ ನಿನಗೆ ಎಲ್ಲಿ ಹಾಲು ಕೊಟ್ಟಳು?" ಎಂದು ಕೇಳಿದಳು. ಡ್ರೈವರುಗಳು ಚಹಾ ಲೋಟ ಹಿಡಿದು ಸುತ್ತ ನೆರೆದಿದ್ದರು. ಮ್ಯಾನೇಜರು ತಮ್ಮ ಕಡತಗಳನ್ನು ಮೆಟ್ಟಿಲ ಮೇಲೆ ಕೂತು ನೋಡಿದರು. ಮರುದಿನವೂ ಹಾಗೇ ಆಯಿತು. ಅದರ ಮರುದಿನ ಇನ್ನೊಬ್ಬ ಕಂಡಕ್ಟರಮ್ಮ ತನ್ನ ಕೂಸನ್ನೂ ತಂದಳು.

ವಾರ ಕಳೆಯುವುದರೊಳಗೆ ಮುರಿದ ಸೀಟುಗಳ ಕೋಣೆ ಖಾಲಿಯಾಯಿತು. ಮೆಕ್ಯಾನಿಕ್ಕು ಬಾಗಿಲಿಗೆ ಒಳಚಿಲಕ ಜೋಡಿಸಿ, ಇದ್ದುದರಲ್ಲೇ ಗಟ್ಟಿಯಾದ ಸೀಟೊಂದಕ್ಕೆ ಹೊಸ ರೆಕ್ಸಿನ್ ಹೊದಿಸಿ ಗೋಡೆಗೆ ಬಿಗಿದ. ಗೋಡೆಯಲ್ಲಿ ಡೀಸೆಲ್ ವಾಸನೆ ಇನ್ನೂ ಇತ್ತು, ಕಿಟಕಿಯಿಂದ ಗಾಳಿ ಬರುತ್ತಿತ್ತು.

ಮೊದಲ ದಿನ ಅವಳು ಅಲ್ಲಿ ಕೂತು ಮಗುವಿಗೆ ಹಾಲು ಕೊಡುತ್ತಿದ್ದಾಗ, ಟ್ರಿಪ್ಪಿಗೆ ಹೊತ್ತಾಯಿತೆಂದು ಅವಳ ಬಸ್ಸಿನ ಡ್ರೈವರು ಹಾರನ್ ಹೊಡೆದ. ಇನ್ನೊಮ್ಮೆ ಹೊಡೆದ. ಕೋಣೆಯೊಳಗಿನಿಂದ ಇಡೀ ಡಿಪೋಗೆ ಕೇಳುವಂತೆ ಒಂದು ದನಿ ಬಂತು:

"ಹೋಲ್ಡಾನ್! ಪ್ಯಾಸೆಂಜರು ಇನ್ನೂ ಇಳಿದಿಲ್ಲ!"